ಅವ್ವನ ಗಾಡಿಗೆ ಕರೆಂಟು ಬಂದದ್ದು

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಅವರ ದೇವರ ಜಗುಲಿಯನ್ನಲ್ಲ, ಟೀವಿಯನ್ನಲ್ಲ, ಸಂಡಾಸನ್ನು. ಅವಸರ ಇರಲಿ ಬಿಡಲಿ, ಅದು ಎಲ್ಲಿದೆ, ಎಷ್ಟು ಮೆಟ್ಟಿಲು ಹತ್ತಬೇಕು, ಕೂರುವುದು ಯಾವ ನಮೂನೆಯದು, ನಲ್ಲಿಯಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ತಿಳಿದುಕೊಂಡ ಮೇಲೆಯೇ ನಾನು ಚಹದ ಬಟ್ಟಲಿಗೆ ಕೈ ಹಾಕುವುದು. ಒಮ್ಮೆ ತಂಗಿಯ ಮಗನಿಗೆ ಹೆಣ್ಣು ನೋಡಲು ಚಿಕ್ಕೋಡಿಗೆ ಹೋಗಿದ್ದೆವು. ತಿರುಗಿ ಬಂದ ಮೇಲೆ ತಂಗಿ ಕೇಳಿದಳು, "ಅಣ್ಣಾ, ಹುಡುಗಿ ಹೆಂಗ ಅದಾಳೋ?" ನಾನು ಯಾವುದೋ ಗುಂಗಿನಲ್ಲಿ, "ಹಿಡಕೊಳ್ಳಾಕ ಗ್ವಾಡಿಗೆ ಒಂದ ಕಬ್ಬಿಣದ ಸಳಿ ಹಾಕಿದ್ರ ಬೆಸ್ಟ್ ಆಗ್ತಿತ್ತು" ಎಂದುಬಿಟ್ಟೆ. ನನ್ನ ಹೆಂಡತಿ ಸುನಂದಾ ಈ ಮಾತನ್ನು ಇವತ್ತಿಗೂ ಬೀಗರ ಮುಂದೆ ಹೇಳಿ ನಗಿಸುತ್ತಾಳೆ. ನಗಲಿ. ಈ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ, ಅವ್ವನಿಂದ ಬಂದದ್ದು.

ನಾವು ನಿಪ್ಪಾಣಿಯವರು. ತಂಬಾಕಿನ ವಖಾರಿಗಳ ನಡುವೆ ನಮ್ಮ ಓಣಿ. ಬೇರೆ ಊರಿನ ಮಂದಿ ನಮ್ಮಲ್ಲಿಗೆ ಬಂದರೆ ಮೊದಲು ನಾಲ್ಕು ಸೀನು ಸೀನಿ ಆಮೇಲೆ ನಮಸ್ಕಾರ ಹೇಳುತ್ತಾರೆ. ಎರಡು ಸಾವಿರದ ಆರೇಳರ ಸುಮಾರಿಗೆ ಅವ್ವನ ಎರಡೂ ಮೊಣಕಾಲು ಮಡಚದಂತಾದವು. ಮೇಲೆ ಬೀಪಿಯ ಗುಳಿಗೆ ಬೇರೆ, ತಾಸಿಗೊಮ್ಮೆ ಎಬ್ಬಿಸುವಂಥದ್ದು. ನಾನು ಸಾಲೆಯಲ್ಲಿ ಚಿತ್ರಕಲೆಯ ಮಾಸ್ತರ. ಮನೆಯಲ್ಲಿ ಕುರ್ಚಿಯಂತೆ ಕೂರುವ ಕಮೋಡ್ ಹಾಕಿಸಿದೆ. ಅಲ್ಲಿಂದ ಅವ್ವನ ಜಗತ್ತು ಆ ಕಮೋಡಿನಿಂದ ಕೂಗಳತೆಯಷ್ಟು ದೂರಕ್ಕೆ ಬಂದು ನಿಂತಿತು. ಮದುವೆಗೆ ಕರೆದರೆ "ಧೂಳ ಆಗಂಗಿಲ್ಲ", ತೊಟ್ಟಿಲಿಗೆ ಕರೆದರೆ "ಮನಿ ಬಿಟ್ಟ ಬರಾಕ ಆಗಂಗಿಲ್ಲ". ಖರೆ ಕಾರಣವನ್ನು ಒಬ್ಬರಿಗೂ ಹೇಳಲಿಲ್ಲ. ಅವ್ವನ ಕಾಲದ ಹೆಂಗಸರು ಆ ಜಾಗಕ್ಕೆ ಹೆಸರನ್ನೇ ಇಟ್ಟಿರಲಿಲ್ಲ. "ಆಕಡೆ ಹೋಗಿ ಬರ್ತೀನಿ" ಅಂದರೆ ತಿಳಿಯುವವರಿಗೆ ತಿಳಿಯಬೇಕು, ತಿಳಿಯದವರು ಕೇಳಬಾರದು.

ಅವ್ವನಿಗೆ ಇರುವವಳು ಒಬ್ಬಳೇ ಅಕ್ಕ, ನಮ್ಮ ಮಾವಶಿ. ಅಥಣಿಯ ಆಚೆ ಕೊಕಟನೂರಿನಲ್ಲಿ ಅವಳ ಮನೆ, ಕಬ್ಬು, ದ್ರಾಕ್ಷಿಯ ದೊಡ್ಡ ಕುಟುಂಬ. ನಿಪ್ಪಾಣಿಯಿಂದ ಒಂದು ಹೊತ್ತಿನ ದಾರಿ. ಅಷ್ಟು ದಾರಿಯನ್ನು ಅವ್ವ ಆರು ವರ್ಷದಿಂದ ದಾಟಿರಲಿಲ್ಲ. ಮಾವಶಿಯೂ ಇತ್ತ ಬಂದಿರಲಿಲ್ಲ. ನನ್ನ ಮೊಮ್ಮಗಳ ತೊಟ್ಟಿಲಿಗೆ ಮಗನ ಕೈಯಲ್ಲಿ ಕುಬಸ, ಕೊಬ್ಬರಿ ಕಳಿಸಿ ತಾನು ಅಲ್ಲೇ ಉಳಿದಿದ್ದಳು. ಅವ್ವ ಆ ಕುಬಸದ ಖಣವನ್ನು ಮಡಿಕೆ ಬಿಚ್ಚದೆ ಪೆಟ್ಟಿಗೆಗೆ ಹಾಕಿದಳು. "ಆಕೀಗೆ ಈಗ ನಾವೇನ ಬೇಕು? ದ್ರಾಕ್ಷಿ ತೋಟದಾಕಿ" ಎಂದಳು. ಬೈದಳು, ಮರುದಿನ ಬೆಳಿಗ್ಗೆ ಕನಸಿನಲ್ಲಿ ಅಕ್ಕ ಬಂದಿದ್ದಳೆಂದು ಸುನಂದಾಳ ಮುಂದೆ ಅತ್ತಳು. ವಯಸ್ಸಾದ ಇಬ್ಬರು ಹೆಂಗಸರು. ಒಬ್ಬರು ಹೋದ ಮೇಲೆ ಇನ್ನೊಬ್ಬರು ಮೈಲುಗಟ್ಟಲೆ ಅಳುತ್ತಾ ಹೋಗುವುದಕ್ಕಿಂತ, ಇರುವಾಗಲೇ ಹೇಗಾದರೂ ಮಾಡಿ ಭೇಟಿ ಮಾಡಿಸಬೇಕು ಎಂದು ನನ್ನ ತಲೆಯೊಳಗೆ ಹುಳ ಹೊಕ್ಕಿತು.

ಹುಳಕ್ಕೆ ಗಾಲಿ ಜೋಡಿಸಿದವನು ನನ್ನ ಗೆಳೆಯ ಅಪ್ಪಾಸಾಬ. ಅವನ ಹತ್ತಿರ ಒಂದು ಹಳೆಯ ಟೆಂಪೊ ಇತ್ತು. ಮೊದಲು ಬೇಕರಿಯದು, ಪಾವು, ಬಟರು, ಖಾರಿ ತುಂಬಿಕೊಂಡು ಊರೂರು ತಿರುಗಿದ್ದು. ಹಿಂದೆ ಎತ್ತರದ ತಗಡಿನ ಡಬ್ಬಿ, ಅದರೊಳಗೆ ಮನುಷ್ಯ ನೆಟ್ಟಗೆ ನಿಲ್ಲಬಹುದು. ಬಿಸಿಲೇರಿದರೆ ಆ ತಗಡಿನಿಂದ ಈಗಲೂ ಬೆಣ್ಣೆ ಬಿಸ್ಕೀಟಿನ ವಾಸನೆ ಏಳುತ್ತಿತ್ತು. "ಮಾಸ್ತರ, ಇದರಾಗ ಒಂದ ಮನಿ ಮಾಡೂಣು. ಅವ್ವ ಮನಿ ಬಿಟ್ಟ ಬರಂಗಿಲ್ಲಂದ್ರ ಮನೀನ ಕರಕೊಂಡ ಹೋಗೂಣಲ್ಲ" ಎಂದ ಅಪ್ಪಾಸಾಬ. ಎರಡು ತಿಂಗಳು ರವಿವಾರ ರವಿವಾರ ಕೆಲಸ ನಡೆಯಿತು. ಅವ್ವನಿಗೆ ಮಲಗಲು ಹಲಗೆಯ ಮಂಚ, ಒಂದು ಸಣ್ಣ ಫ್ಯಾನು, ಎರಡು ಬಲ್ಬು. ಹಿಂದಿನ ಮೂಲೆಯಲ್ಲಿ ಬಾಗಿಲು ಇರುವ ಪುಟ್ಟ ಕೋಣೆ, ಅದರಲ್ಲಿ ಕಮೋಡು. ಗಾಡಿಯ ಹೊಟ್ಟೆಯ ಕೆಳಗೆ ನೀರಿನ ಟಾಕಿ. ಗುಂಡಿ ಒತ್ತಿದರೆ ನೀರು ಮೇಲೆ ಬರಲು ಒಂದು ಸಣ್ಣ ಪಂಪು. ಕೊಳಕು ಸೇರಲು ಇನ್ನೊಂದು ಮುಚ್ಚಿದ ಟಾಕಿ. ಅದನ್ನು ಖಾಲಿ ಮಾಡುವ ಪುರಾಣ ಇಲ್ಲಿ ಬೇಡ, ನೀವು ಚಹ ಕುಡಿಯುತ್ತಿರಬಹುದು. ಇಷ್ಟಕ್ಕೂ ಕರೆಂಟು ಕೊಡಲು, ಇಂಜಿನ್ನಿನ ಬ್ಯಾಟರಿಯ ಗೊಡವೆಗೆ ಹೋಗದೆ, ಮಂಚದ ಕೆಳಗೆ ಬೇರೆಯೇ ಒಂದು ಹೊಸ ಬ್ಯಾಟರಿ.

ವೈರುಗಳ ನಕಾಶೆಯನ್ನು ನಾನೇ ಬರೆದೆ. ಕೆಂಪು, ನೀಲಿ ಬಣ್ಣ ತುಂಬಿ, ಮೂಲೆಯಲ್ಲೊಂದು ಕಮಲ ಬಿಡಿಸಿ, ಗಾಡಿಯ ಒಳಗೋಡೆಗೆ ಅಂಟಿಸಿದೆ. ಅಪ್ಪಾಸಾಬ ಅದನ್ನು ನೋಡಿ, "ಕಮಲ ಭಾಳ ಛಲೋ ಬಂದೈತಿ" ಎಂದು, ತನಗೆ ತಿಳಿದಂತೆ ವೈರು ಎಳೆದ. ಖರೆ ಹೇಳಬೇಕೆಂದರೆ ನಮ್ಮ ಮನೆತನದ ವಿದ್ಯುತ್ ಶಾಸ್ತ್ರ ಅಷ್ಟಕ್ಕಷ್ಟೇ. ನಮ್ಮ ಅಜ್ಜನ ಹತ್ತಿರ ಒಂದು ಬ್ಯಾಟರಿ ಟಾರ್ಚು ಇತ್ತು, ಕೆನ್ನೆಗೆ ಹೊಡೆದಂತೆ ಎರಡು ಏಟು ಬಿಗಿದರೆ ಮಾತ್ರ ಹತ್ತುತ್ತಿತ್ತು. ಸೆಲ್ಲು ಮುಗಿದರೆ ಅಂಗಳದ ಬಿಸಿಲಿಗೆ ಸಂಡಿಗೆಯ ಜೊತೆ ಒಣಗಲು ಇಡುತ್ತಿದ್ದರು. ಕಾಗೆ ಬಾರದಂತೆ ಕಾಯುವವನು ನಾನು. ಕಾಗೆ ಸಂಡಿಗೆ ಒಯ್ಯುತ್ತಿತ್ತೇ ಹೊರತು ಸೆಲ್ಲಿಗೆ ಬಾಯಿ ಹಾಕುತ್ತಿರಲಿಲ್ಲ. ಏಟು ಹಾಕುವುದು, ಬಿಸಿಲಿಗಿಡುವುದು, ಈ ಎರಡು ಉಪಚಾರದ ಆಚೆ ನಾನು ಕಲಿತದ್ದು ಕಡಿಮೆ.

ದೀಪಾವಳಿಯ ಅಮಾವಾಸ್ಯೆಗೆ ಹೊಸ ಬ್ಯಾಟರಿಗೆ ಪೂಜೆ. ಅವ್ವ ಬಗ್ಗಿ ನೋಡಿದಳು. ಕರಿಯ ಪೆಟ್ಟಿಗೆಯ ಮೇಲೆ ಸೀಸದ ಎರಡು ಗೂಟ, ಹೆಬ್ಬೆರಳಿನ ಗಾತ್ರ, ನುಣ್ಣಗೆ. "ಯವ್ವಾ, ಎರಡ ಲಿಂಗ ಇದ್ದಂಗ ಅದಾವಲ್ಲೋ!" ಎಂದು ಕೈ ಮುಗಿದಳು. ಅರಿಷಿಣ ನೀರಲ್ಲಿ ಅದ್ದಿದ ದಾರವನ್ನು ಎರಡೂ ಗೂಟಕ್ಕೆ ಮೂರು ಮೂರು ಸುತ್ತು ಸುತ್ತಿ, ಗಂಟು ಹಾಕಿ, ಮೇಲೆ ಕುಂಕುಮ ಇಟ್ಟು, ಎರಡು ಹನಿ ಕಾಯಿನೀರು ಚಿಮುಕಿಸಿದಳು. ಆಮೇಲೆ ವೈರಿನ ತುದಿಯ ಕ್ಲಾಂಪುಗಳನ್ನು ಆ ಗೂಟಗಳಿಗೆ ಬಿಗಿಯಬೇಕು. ಅಪ್ಪಾಸಾಬ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ದೇವರ ದಾರ, ಬಿಚ್ಚುವವರು ಯಾರು? ಅವನು ಚಪ್ಪಲಿ ಬಿಟ್ಟು ಬಂದು, ಭಕ್ತಿಯಿಂದ ದಾರದ ಮೇಲೆಯೇ ಕ್ಲಾಂಪು ಹಾಕಿ ಬಿಗಿದ. ಚಾರ್ಜರ್ ಜೋಡಿಸಿ ಗುಂಡಿ ಒತ್ತಿದೆವು. ಪಂಪು ಘರ್ರೆಂದು ಓಡಿತು. ಅವ್ವ ನಾಲ್ಕು ಸಲ ಒತ್ತಿ ನೋಡಿದಳು. ಆರು ವರ್ಷದಲ್ಲಿ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

ಕಾರ್ತಿಕದ ಒಂದು ಮುಂಜಾನೆ ಹೊರಟೆವು. ಮುಂದೆ ಅಪ್ಪಾಸಾಬ, ಅವನ ಬದಿಗೆ ನಾನು. ಹಿಂದೆ ಮಂಚದ ಮೇಲೆ ಅವ್ವ, ಜೊತೆಗೆ ಸುನಂದಾ. ಕಬ್ಬಿನ ಹಂಗಾಮು, ರಸ್ತೆಯ ತುಂಬ ಜೋಡು ಟ್ರೇಲರಿನ ಟ್ರ್ಯಾಕ್ಟರುಗಳು, ಒಂದೊಂದರ ಮೇಲೂ ಬೇರೆ ಬೇರೆ ಹಾಡು. ಚಿಕ್ಕೋಡಿ ಇನ್ನೂ ಮುಟ್ಟಿರಲಿಲ್ಲ, ಹಿಂದಿನಿಂದ ಸುನಂದಾ ತಗಡು ಬಡಿದಳು. ಗಾಡಿ ಬದಿಗೆ ನಿಂತಿತು. ನಾವಿಬ್ಬರು ಗಂಡಸರು ಇಳಿದು ದೂರ ಹೋಗಿ, ಎಂದೂ ನೋಡದವರಂತೆ ಕಬ್ಬು ನೋಡುತ್ತಾ ನಿಂತೆವು. ಪಂಪು "ಕುಂಯ್" ಎಂದು ಒಂದೇ ಸಲ ನರಳಿದ್ದು ಅಲ್ಲಿಗೂ ಕೇಳಿತು. ಆಮೇಲೆ ಸದ್ದಿಲ್ಲ.

ಕುಡಿಯುವ ನೀರಿನ ಕೊಡವನ್ನೇ ಬಗ್ಗಿಸಿ ಸುನಂದಾ ಆ ಹೊತ್ತಿನ ಮರ್ಯಾದೆ ಕಾಯ್ದಳು. ನಾನು ಅಜ್ಜನ ಶಾಸ್ತ್ರದ ಪ್ರಕಾರ ಪಂಪಿಗೆ ಎರಡು ಏಟು ಹಾಕಿದೆ. ಅದು ಏಳಲಿಲ್ಲ. ಬಲ್ಬು ಹಾಕಿದರೆ ಹತ್ತುತ್ತದೆ, ಫ್ಯಾನು ತಿರುಗುತ್ತದೆ, ಪಂಪಿನ ಗುಂಡಿ ಒತ್ತಿದರೆ ಮಾತ್ರ ಬಲ್ಬೂ ಕಣ್ಣು ಮುಚ್ಚುತ್ತದೆ.

"ಅತ್ತಿ, ಎರಡ ಬಕೀಟ ನೀರ ತುಂಬಿ ಇಟ್ಟಗೊಂಡ್ರ ಆತಲ್ರಿ" ಎಂದಳು ಸುನಂದಾ.

ಅವ್ವ ಅವಳನ್ನು ಒಂದು ನೋಟ ನೋಡಿದಳು. "ಎಂಟ ದಿನ ಅಲ್ಲಿರಾಕ ಹೊಂಟೀವಿ. ತಾಸಿಗೊಮ್ಮೆ ನೀ ಬಕೀಟ ಹೊತಗೊಂಡ ಗಾಡಿ ಹತ್ತಬೇಕು, ಅಕ್ಕನ ಮೂರ ಮಂದಿ ಸೊಸೆದ್ರು ಕಟ್ಟಿ ಮ್ಯಾಲೆ ಕುಂತ ಎಣಸಬೇಕು. ಮುದುಕಿ ಈಗ ಹೋತು, ಮುದುಕಿ ಮತ್ತ ಹೋತು ಅಂತ. ಅದಕ ನಾ ಮನ್ಯಾಗ ಇರೂದ ಛಲೋ ಇತ್ತು. ತಿರುಗಸು ಗಾಡಿ."

"ಅವ್ವಾ, ಚಿಕ್ಕೋಡ್ಯಾಗ ತೋರಸೂಣು ತಡಿ" ಎಂದು ಬೇಡಿಕೊಂಡೆ.

ಅವ್ವ ತೀರ್ಮಾನ ಕೊಟ್ಟಳು: "ಕೃಷ್ಣಾ ಹೊಳಿ ದಾಟೂದ್ರಾಗ ಅದು ನಡೀಬೇಕು. ನಡೀತು, ಮುಂದ. ಇಲ್ಲಾ, ಹೊಳಿಗೆ ಕೈ ಮುಗದು ಹಿಂದ. ಮತ್ತ, ಅದು ಎದಕ ಐತಿ ಅಂತ ಯಾರಿಗೂ ಹೇಳಬ್ಯಾಡ."

ಈ ಕೊನೆಯ ಶರತ್ತು ನಮ್ಮನ್ನು ಹಾಳು ಮಾಡಿತು. ಚಿಕ್ಕೋಡಿಯ ಗ್ಯಾರೇಜಿನವನು, "ಕಾಯ್ ಝಾಲಂ ಮಾಸ್ತರ?" ಎಂದು ಮರಾಠಿಯಲ್ಲಿ ಏನಾಯಿತೆಂದು ಕೇಳಿದ. ಅವ್ವ ಕಿಟಕಿಯಿಂದ ನೋಡುತ್ತಿದ್ದಾಳೆ. ನಾನು, "ಕರೆಂಟ್ ಸ್ವಲ್ಪ ಕಡಿಮಿ ಬರತೈತಿ" ಎಂದೆ. ಅವನು ಬಲ್ಬು ಹಾಕಿದ, ಹತ್ತಿತು. ಫ್ಯಾನು ಹಾಕಿದ, ತಿರುಗಿತು. ಬ್ಯಾಟರಿಯ ನೀರನ್ನು ಗಾಜಿನ ಕೊಳವೆಯಲ್ಲಿ ಎಳೆದು ನೋಡಿದ, ಒಳ್ಳೆಯದೇ ಇತ್ತು. ಗೂಟದ ಮೇಲಿನ ಕುಂಕುಮ ಕಂಡು ಹಣೆಗೆ ಮುಟ್ಟಿಸಿಕೊಂಡು, ಒಂದು ಫ್ಯೂಜು ಬದಲಿಸಿ, "ಎಲ್ಲಾ ಬರೋಬರ್ ಐತ್ರಿ. ಮನಸಿನ ಸಂಶಯಕ್ಕ ಔಷಧ ಇಲ್ಲ" ಎಂದ. ಊರು ದಾಟಿ ಗುಂಡಿ ಒತ್ತಿದರೆ ಅದೇ "ಕುಂಯ್".

ರಾಯಬಾಗದಲ್ಲಿ ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. "ಒಂದ ಸಣ್ಣ ನೀರಿನ ಪಂಪ ಐತಿ" ಎಂದೆ.

"ಎದಕ್ರಿ?"

"ಕೈ ತೊಳಿಯಾಕ."

ಮೆಕ್ಯಾನಿಕ್ಕು ಕೆಲಸ ನಿಲ್ಲಿಸಿ ನನ್ನ ಎರಡೂ ಕೈ ನೋಡಿದ. "ಈ ಎರಡ ಕೈ ತೊಳಿಯಾಕ ಬ್ಯಾಟರಿ, ಪಂಪ, ಇಷ್ಟುದ್ದ ವೈರ? ಗುರೂಜಿ, ಬಸ್ಟ್ಯಾಂಡ್ ಮುಂದ ಭಾಂಡಿ ಅಂಗಡಿ ಐತಿ. ಒಂದ ತಂಬಗಿ ತೊಗೋರಿ, ಜಲಮ ಪೂರ್ತಿ ರಿಪೇರಿ ಬರಂಗಿಲ್ಲ." ಅಲ್ಲಿದ್ದವರೆಲ್ಲ ನಕ್ಕರು. ಅಪ್ಪಾಸಾಬನೂ ನಕ್ಕ. ಒಳಗೆ ಅವ್ವ ಮುಖ ತಿರುಗಿಸಿ ಕುಳಿತಳು. ತನ್ನ ಕೈಯೊಳಗಿನ ಬುತ್ತಿಯ ಗಂಟನ್ನು ಬಿಚ್ಚುವುದು, ಕಟ್ಟುವುದು. ಅದರಲ್ಲಿ ಅಕ್ಕನಿಗೆಂದು ತಾನೇ ಕುಳಿತು ಮಾಡಿದ ಸಜ್ಜಕದ ಹೋಳಿಗೆ ಇತ್ತು. ಮುಂಜಾನೆಯಿಂದ ಅವಳು ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲವೆಂದು ಸುನಂದಾ ನನ್ನ ಕಿವಿಯಲ್ಲಿ ಹೇಳಿದಳು.

ಕುಡಚಿ ಹತ್ತಿರ ಬಂತು. ಸೇತುವೆ ಇನ್ನೇನು ಕಾಣಬೇಕು. ಅಪ್ಪಾಸಾಬ ತಾನಾಗಿಯೇ ಗಾಡಿಯ ವೇಗ ಇಳಿಸಿದ. ನಾಲ್ಕು ಟ್ರ್ಯಾಕ್ಟರುಗಳಿಗೆ ಮುಂದೆ ಹೋಗಲು ಬಿಟ್ಟ. ಹೊಳೆಯನ್ನು ಎಷ್ಟು ತಡ ಮಾಡಿದರೆ ಅಷ್ಟು ಒಳ್ಳೆಯದೆಂಬಂತೆ. ರಸ್ತೆಯ ಬದಿಗೆ ಬೇವಿನ ಗಿಡದ ಕೆಳಗೆ ಒಂದು ತಗಡಿನ ಅಂಗಡಿ, ಮುಂದೆ ಸಾಲಾಗಿ ಕೆಟ್ಟ ಟ್ರ್ಯಾಕ್ಟರುಗಳು. ಅಲ್ಲಿ ವೈರಿನ ಕೆಲಸ ಮಾಡುವ ಮೌಲಾಸಾಬ ಎಂಬ ಬಿಳಿಗಡ್ಡದ ಮನುಷ್ಯ ಸಿಕ್ಕ. ಅವನ ಕನ್ನಡಕಕ್ಕೆ ಒಂದೇ ಕಡ್ಡಿ, ಇನ್ನೊಂದು ಕಡೆ ತಾಮ್ರದ ತಂತಿ ಸುತ್ತಿದ್ದ.

ನಾನು ಶುರುಮಾಡಿದೆ, "ಕೈ ತೊಳಿಯಾಕ ಒಂದ ಪಂಪ..."

ಮೌಲಾಸಾಬ ಕನ್ನಡಕ ಏರಿಸಿದ. "ಮಾಸ್ತರ, ಡಾಕ್ಟರ್ ಮುಂದ, ವಕೀಲರ ಮುಂದ, ಕರೆಂಟಿನವನ ಮುಂದ ಸುಳ್ಳ ಹೇಳಬಾರದು. ಅದೇನ ಕೆಲಸದ ಪಂಪ? ಎಷ್ಟ ದಮ್ಮಿಂದು? ಖರೆ ಹೇಳ್ರಿ."

ನಾನು ಗಾಡಿಯ ಕಿಟಕಿಯ ಕಡೆ ನೋಡಿದೆ. ಆಗ ಹಿಂದಿನಿಂದ ಅವ್ವನ ದನಿ ಬಂತು.

"ಸಂಡಾಸಕ್ಕ, ತಮ್ಮಾ."

ಆ ಶಬ್ದ ಅವ್ವನ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪಾಸಾಬ ಆಕಾಶ ನೋಡಿದ. ಅವ್ವ ಬಾಗಿಲ ತನಕ ಬಂದು, ಚೌಕಟ್ಟು ಹಿಡಿದು ನಿಂತು, ಒಂದೇ ಉಸಿರಿನಲ್ಲಿ ಹೇಳಿದಳು: "ನನಗ ಮಣಕಾಲ ಮಡಚಾಕ ಬರಂಗಿಲ್ಲ. ಆರು ವರ್ಷ ಆತು ಅಕ್ಕನ ಮಾರಿ ನೋಡಿಲ್ಲ. ನಾ ಹೋಗೂದು ಮಂದೀಗೆ ತಿಳೀಬಾರದು ಅಂತ ಈ ಮಕ್ಕಳು ಇಷ್ಟ ಎಲ್ಲಾ ಮಾಡ್ಯಾವ. ಗುಂಡಿ ಒತ್ತಿದ್ರ ನೀರ ಬರವಲ್ದು. ಈಗ ನಿನ್ನ ಮುಂದ ಹೇಳೀನಿ. ಏನ ನಗಾವ ಇದ್ರ ಈಗ ನಕ್ಕ ಬಿಡು, ಆಮ್ಯಾಲೆ ಕೆಲಸ ಮಾಡು."

ಮೌಲಾಸಾಬ ನಗಲಿಲ್ಲ. "ನಗೂದೇನೈತಿ ಅಮ್ಮಾ? ಅದಿಲ್ದ ರಾಜಾನೂ ಇಲ್ಲ, ಫಕೀರನೂ ಇಲ್ಲ" ಎಂದು ಮೀಟರು ತೆಗೆದ. ಆಮೇಲೆ ನನಗೆ ಹೇಳಿದ, "ಮೊದಲ ಹೇಳಿದ್ರ ಚಿಕ್ಕೋಡ್ಯಾಗ ಮುಗೀತಿತ್ತಲ್ರಿ. ಬಲ್ಬ ಅಂದ್ರ ಹಕ್ಕಿ, ಎರಡ ಕಾಳ ತಿಂತೈತಿ. ಪಂಪ ಅಂದ್ರ ಎತ್ತು. ಹಕ್ಕಿ ಹೊಟ್ಟಿ ತುಂಬೈತಿ ಅಂತ ಎತ್ತಿಗೆ ಮೇವ ಐತಿ ಅನ್ನಾಕ ಬರತೈತೇನ?"

ಅವನು ಮಂಚದ ಹಲಗೆ ಎತ್ತಿಸಿ, ಮೀಟರಿನ ಎರಡು ಸೂಜಿಗಳನ್ನು ಬ್ಯಾಟರಿಯ ಸೀಸದ ಗೂಟಗಳ ನೆತ್ತಿಗೇ ಇಟ್ಟ. "ಒತ್ತವ್ವಾ ಗುಂಡಿ." ಸುನಂದಾ ಒತ್ತಿದಳು. ಕುಂಯ್. ಮೀಟರಿನಲ್ಲಿ ಹನ್ನೆರಡು. ಸೂಜಿಗಳನ್ನು ಒಂದು ಬೆರಳು ಕೆಳಗೆ, ಕ್ಲಾಂಪುಗಳ ಮೇಲೆ ಇಟ್ಟ. "ಮತ್ತ ಒತ್ತು." ಕುಂಯ್. ಮೂರು.

"ಗೂಟದ ಮ್ಯಾಲೆ ಹನ್ನೆರಡು, ಕ್ಲಾಂಪಿನ ಮ್ಯಾಲೆ ಮೂರು. ನಡುವಿನ ಒಂಬತ್ತು ಯಾರ ತಿಂದ್ರು?" ಎಂದು ಅವನು ಉಗುರಿನಿಂದ ಕುಂಕುಮದ ಹಕ್ಕಳೆ ಎಬ್ಬಿಸಿದ. ಅದರಡಿಯಲ್ಲಿ ಕಾಯಿನೀರು ಒಣಗಿ ಅಂಟಾಗಿ, ಅರಿಷಿಣ ದಾರದ ಮೂರು ಸುತ್ತು, ಗೂಟಕ್ಕೂ ಕ್ಲಾಂಪಿಗೂ ನಡುವೆ ಹಾಸಿಗೆ ಹಾಕಿಕೊಂಡು ಕುಳಿತಿದ್ದವು. ಲೋಹಕ್ಕೆ ಲೋಹ ತಾಗುತ್ತಿದ್ದದ್ದು ಉಗುರಿನಷ್ಟು ಜಾಗದಲ್ಲಿ. ಆ ಸಂದಿಯಲ್ಲಿ ಬಲ್ಬಿನ ಕರೆಂಟು ನುಸುಳಬಹುದು, ಪಂಪಿನದು ನುಸುಳದು. ಮನೆಯಲ್ಲಿ ಓಡಿದ್ದು ಹೇಗೆಂದರೆ, ಆಗ ಚಾರ್ಜರಿನ ಚಿಮಟ ಕ್ಲಾಂಪನ್ನೇ ಕಚ್ಚಿಕೊಂಡಿತ್ತು; ಪಂಪು ಉಂಡದ್ದು ಮನೆಯ ಕರೆಂಟು, ಬ್ಯಾಟರಿಯದಲ್ಲ.

ಮೌಲಾಸಾಬ ಪಾನಾ ಹಾಕಿ ಕ್ಲಾಂಪಿನ ನಟ್ಟು ಸಡಿಲಿಸಿದ. ಆಮೇಲೆ ಕೈ ಹಿಂದೆ ತೆಗೆದುಕೊಂಡ. ಅಂಗಡಿಯಲ್ಲಿ ಕತ್ತರಿ ಇತ್ತು, ಬ್ಲೇಡು ಇತ್ತು, ಮುಟ್ಟಲಿಲ್ಲ. "ಅಮ್ಮಾ, ಇದು ನೀವು ಕಟ್ಟಿದ್ದು. ಕಟ್ಟಿದ ಕೈನ ಬಿಚ್ಚಬೇಕು."

ನಾವು ಇಬ್ಬರು ಹಿಡಿದು ಅವ್ವನನ್ನು ಬ್ಯಾಟರಿ ಕೈಗೆ ಸಿಗುವಂತೆ ಮಂಚದ ಅಂಚಿಗೆ ಕೂರಿಸಿದೆವು. ಅವ್ವ ಗಂಟನ್ನು ಉಗುರಿನಿಂದ ಕೆದಕಿದಳು. ಅವಳ ಗಂಟು ಎಂದೂ ಸಡಿಲ ಇರುತ್ತಿರಲಿಲ್ಲ. "ಇಲ್ಲೀತನಕ ದಾರಿ ತಡದಾಕಿ ನಾನ ಅನ್ನು" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. "ಕಾಪಾಡಪ್ಪಾ ಅಂತ ಕಟ್ಟಿದ್ನಿ, ಕಾಲ ಕಟ್ಟೀನಲ್ಲೋ ನಿಂದು." ಬ್ಯಾಟರಿಗೇ ಹೇಳಿದಳೋ ದೇವರಿಗೋ ತಿಳಿಯಲಿಲ್ಲ. ಎರಡನೆಯ ಗಂಟು ಬಿಚ್ಚಿದಾಗ ಅವಳ ಹಣೆಯ ಮೇಲೆ ಬೆವರು ಇತ್ತು. ಮೌಲಾಸಾಬ ಎರಡೂ ಗೂಟಗಳನ್ನು ಉಸುಕಿನ ಕಾಗದದಿಂದ ಉಜ್ಜಿ ಬೆಳ್ಳಿಯಂತೆ ಮಾಡಿ ಕ್ಲಾಂಪು ಬಿಗಿದ. ದಾರವನ್ನು ಬ್ಯಾಟರಿ ಎತ್ತುವ ಹಿಡಿಕೆಗೆ ಕಟ್ಟಲು ಹೇಳಿದ. "ಇಲ್ಲಿ ಎಷ್ಟರೆ ಕಟ್ರಿ ಅಮ್ಮಾ, ಊರ ದಾರ ಎಲ್ಲಾ ಕಟ್ರಿ."

ಗುಂಡಿ ಒತ್ತಿದವಳು ಅವ್ವನೇ. ಘರ್ರ್! ತಗಡಿನ ಡಬ್ಬಿಯೆಲ್ಲ ನಡುಗುವಂತೆ ಓಡಿತು. ಅವ್ವ ಎರಡು ಗಳಿಗೆ ಆ ಸದ್ದನ್ನು ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ಗಂಡಸರೆಲ್ಲಾ ಆ ಟ್ಯಾಕ್ಟರ್ ಆಚಿ ಕಡೆ ಹೋಗ್ರಿ. ಕುಡಿಯಾಕ ನೀರೂ ತಂದ ಕೊಡ್ರಿ" ಎಂದಳು. ನಾನು, ಅಪ್ಪಾಸಾಬ, ಮೌಲಾಸಾಬ ಮೂವರೂ ಟ್ರ್ಯಾಕ್ಟರಿನ ಆಚೆ ನಿಂತು, ಆ ಘರ್ರ್ ಸದ್ದಿಗೆ ಸಂಗೀತ ಕೇಳುವವರಂತೆ ತಲೆ ತೂಗಿದೆವು.

ಹೊಳೆ ದಾಟಿದೆವು. ಅವ್ವ ಸೇತುವೆಯ ಮೇಲೆ ಕೈ ಮುಗಿದಳು, ಆದರೆ ಗಾಡಿ ಮುಂದೆಯೇ ಹೋಯಿತು. ಉಗಾರದ ಹತ್ತಿರ ಬೆಲ್ಲದ ಪಾಕದಂಥ ವಾಸನೆ, ಶೇಡಬಾಳದ ಅಗಸೆಯಲ್ಲಿ ಚಹ, ಅಥಣಿಯಲ್ಲಿ ಮಾವಶಿಗೆಂದು ಒಂದು ಜೊತೆ ಮೆತ್ತನೆಯ ಚಪ್ಪಲಿ. ಅವ್ವ ದಾರಿಯುದ್ದಕ್ಕೂ ನೀರು ಕುಡಿದಳು.

ಕೊಕಟನೂರಿನ ಅಂಗಳದಲ್ಲಿ ಗಾಡಿ ನಿಂತಾಗ ಹೊತ್ತು ಇಳಿದಿತ್ತು. ಮಾವಶಿ ಕೋಲೂರಿಕೊಂಡು ಹೊಸ್ತಿಲಿಗೆ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಲಿಲ್ಲ, ಅಳಲಿಲ್ಲ.

"ಬಂದ್ಯಾ? ದಾರಿ ನೆನಪಿತ್ತೇನ?" ಎಂದಳು ಮಾವಶಿ.

"ನಿನಗ ನೆನಪಿರಲಿಲ್ಲಲ್ಲಾ, ಅದಕ ನಾನ ನೆನಪ ಮಾಡಿಕೊಂಡ ಬಂದೆ" ಎಂದಳು ಅವ್ವ.

ಚಹ ಆಯಿತು. ಮಾತು ಮಳೆಯಿಂದ ಕಬ್ಬಿಗೆ, ಕಬ್ಬಿನಿಂದ ಸೊಸೆಯರಿಗೆ ಹೋಗಿ ನಿಂತುಬಿಟ್ಟಿತು. ಅವ್ವ ಎದ್ದು, ನನ್ನ ಭುಜ ಹಿಡಿದು, ಗಾಡಿ ಹತ್ತಿದಳು. ಸ್ವಲ್ಪ ಹೊತ್ತಿಗೆ ಘರ್ರ್ ಕೇಳಿಸಿತು. ಮಾವಶಿ ಕಿವಿ ನಿಮಿರಿಸಿ, ಕೋಲೂರುತ್ತಾ ಗಾಡಿಯ ಹತ್ತಿರ ಹೋಗಿ ಇಣುಕಿದಳು. ನಾನು ಪಕ್ಕದಲ್ಲೇ ಇದ್ದೆ. ಅವಳು ಕಮೋಡನ್ನು ನೋಡಿದಳು, ಗುಂಡಿಯನ್ನು ನೋಡಿದಳು, ಬಾಗಿಲಿನ ಅಗಳಿಯನ್ನು ನೋಡಿದಳು.

"ಇದರ ಮ್ಯಾಲೆ ಮಣಕಾಲ ಮಡಚದ ಕುಂಡ್ರಬಹುದೇನ ಬೇ?" ದನಿ ಇಳಿದಿತ್ತು.

"ಹೂಂ. ಯಾಕ?"

ಮಾವಶಿ ಕೋಲಿನ ತುದಿಯಿಂದ ನೆಲ ಕೆರೆದಳು. "ನಿನ್ನ ಮರಿಮೊಮ್ಮಗಳ ತೊಟ್ಟಲದ ದಿನ ಇರಕಲ್ ಸೀರಿ ಉಟಗೊಂಡ ಕುಂತಿದ್ನಿ ನಾನು. ಬಸ್ಸಿನ್ಯಾಗ ಅಷ್ಟ ತಾಸ... ಅಲ್ಲಿ ಮಂದ್ಯಾಗ ಹೆಂಗ... ಸೀರಿ ಬಿಚ್ಚಿ ಮಡಚಿ ಇಟ್ಟೆ. ಮಣಕಾಲ ನಂದೂ ಹೋಗ್ಯಾವ. ನಿನಕಿಂತ ಮೊದಲ ಹೋಗ್ಯಾವ."

ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. "ಒಂದ ಮಾತ ಹೇಳಬಾರದಾಗಿತ್ತ ಅಕ್ಕಾ?"

"ನೀ ಹೇಳಿದ್ಯಾ?"

ಅವ್ವ ನನಗೆ ಸನ್ನೆ ಮಾಡಿದಳು. ನಾನು ಮಾವಶಿಯನ್ನು ಹಿಡಿದು ಮೇಲೆ ಹತ್ತಿಸಿ ದೂರ ಸರಿದೆ. ಕಟ್ಟೆಯ ಮೇಲೆ ಮೂವರು ಸೊಸೆಯರು ಕಾಳು ಆರಿಸುತ್ತಾ ಇತ್ತಲೇ ನೋಡುತ್ತಿದ್ದರು; ಅವ್ವ ಅವರ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲು ಮುಚ್ಚಿತು, ಅಗಳಿ ಬಿತ್ತು. ಅವ್ವ ಅದರ ಹೊರಗೆ ಮಂಚದ ಅಂಚಿಗೆ ಕಾಲು ಚಾಚಿ ಕುಳಿತಳು. ಬಹಳ ಹೊತ್ತಾದ ಮೇಲೆ ಪಂಪು ಓಡಿತು, ನಿಂತಿತು. ಒಳಗಿನಿಂದ ಸಣ್ಣ ಹುಡುಗಿಯಂಥ ದನಿ ಬಂತು.

"ಇನ್ನೊಂದ ಸಲ ಒತ್ತಲೇನ ಬೇ?"

"ಒತ್ತ ಬೇ ಅಕ್ಕಾ" ಎಂದಳು ಅವ್ವ, "ಎಷ್ಟ ಸಲ ಬೇಕಾರ ಒತ್ತು. ಕರೆಂಟ ಭಾಳ ಐತಿ."